ಬಯೋಮೆಟ್ರಿಕ್ ಇಟ್ರೆ ಫೀಲ್ಡ್‌ವರ್ಕ್ ಸರಿಹೋಗಲ್ಲ

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಕೋರ್ಸ್) ಹುಡುಗರು ಫೀಲ್ಡ್‌ವರ್ಕ್ (ಸಂಸ್ಥೆಗಳಿಗೆ ಹೋಗಿ ಕೆಲಸ ಕಲಿಯೋದು) ಅಂದ್ರೆ ಸಹಿ ಹಾಕಿಸ್ಕೊಂಡು ಬರೋದು ಅಂದ್ಕೊಂಡಿದ್ದಾರೆ, ಬಯೋಮೆಟ್ರಿಕ್ ಹಾಜರಾತಿ ಇಡ್ಬೇಕು ಅಂತ ಬರೆದಿದ್ದೀರಲ್ಲ ಸರ್, ಅರ್ಧ ನಿಜ, ಆದ್ರೆ ಎಲ್ಲಾ ಹುಡುಗರ ತಲೆಗೇ ಕಟ್ಟಬೇಡಿ. ಫಸ್ಟ್ ಇಯರ್‌ನಲ್ಲಿ ನಾನು ಹೋಗಿದ್ದ ಎನ್‌ಜಿಒದಲ್ಲಿ ಕೊಟ್ಟಿದ್ದು ಎಕ್ಸೆಲ್ ಶೀಟ್ ತುಂಬೋದು, ಫಂಡರ್‌ಗೆ ಕಳಿಸೋ ಫೋಟೋಗೆ ಬ್ಯಾನರ್ ಹಿಡ್ಕೊಂಡು ನಿಲ್ಲೋದು ಅಷ್ಟೇ, ಕಾಲೇಜಲ್ಲಿ ಮೇಷ್ಟ್ರು ರಿಪೋರ್ಟ್ ಎಷ್ಟು ಪುಟ ಆಯ್ತು ಅಂತ ನೋಡೋರು. ಮುಂದಿನ ವರ್ಷ ಒಂದು ಸರ್ಕಾರಿ ಆಸ್ಪತ್ರೆಗೆ ಹಾಕಿದ್ರು. ಅಲ್ಲಿನ ಮೆಡಿಕಲ್ ಸೋಶಿಯಲ್ ವರ್ಕರ್ ಮೇಡಂ ನಮ್ಮನ್ನ ಪಕ್ಕದಲ್ಲೇ ಕೂರಿಸ್ಕೊಂಡು, ಆಯುಷ್ಮಾನ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ ಇದೆ ಆದ್ರೆ ಎಮರ್ಜೆನ್ಸಿ ಬಿಟ್ರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಲೆಟರ್ ಇಲ್ದೇ ನೇರ ಪ್ರೈವೇಟ್‌ಗೆ ಹೋದ್ರೆ ಸಿಗಲ್ಲ ಅನ್ನೋದನ್ನ, ಗಂಡನ್ನ ಸ್ಟ್ರೆಚರ್ ಮೇಲೆ ಬಿಟ್ಟು ಬಂದು ಪ್ಲಾಸ್ಟಿಕ್ ಕವರಿಂದ ಒಂದೊಂದೇ ಕಾಗದ ತೆಗೀತಿದ್ದ ಹೆಂಗಸಿಗೆ ಹೇಗೆ ಹೇಳ್ಬೇಕು ಅಂತ ತೋರಿಸಿದ್ರು. ಅಲ್ಲಿ ಯಾರೂ ರಜೆ ಹಾಕ್ತಿರ್ಲಿಲ್ಲ, ಸಹಿ ಬೇಕಂತ ಕೇಳಿದ್ದೂ ನೆನಪಿಲ್ಲ.

ಇನ್ನೊಂದು, ವಾರಕ್ಕೆ 2 ದಿನದ ಓಡಾಟದ ಖರ್ಚು ಯಾರು ಕೊಡ್ತಾರೆ? ಶಕ್ತಿ ಯೋಜನೆ ಬಂದ್ಮೇಲೆ ಹುಡುಗೀರಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ ಖರ್ಚು ತಪ್ಪಿದೆ, ಹುಡುಗರದ್ದು ಜೇಬಿಂದಲೇ, ಹಳ್ಳಿಯಿಂದ ಬಂದು ಹಾಸ್ಟೆಲಲ್ಲಿರೋರಿಗೆ ಅದೂ ಭಾರ. ಬಯೋಮೆಟ್ರಿಕ್ ಬಗ್ಗೆ ಆಮೇಲೆ ನೋಡೋಣ, ಹುಡುಗರನ್ನ ಫೀಲ್ಡ್‌ವರ್ಕ್‌ಗೆ ಕಳಿಸೋ ಸಂಸ್ಥೆಗಳ (ಏಜೆನ್ಸಿ) ಲಿಸ್ಟ್ ಮಾಡುವಾಗ ಅಲ್ಲಿ ಕಲಿಸೋಕೆ ಎಂಎಸ್‌ಡಬ್ಲ್ಯೂ ಓದಿರೋರು ಒಬ್ರಾದ್ರೂ ಇದ್ದಾರಾ ಅಂತ ಡಿಪಾರ್ಟ್‌ಮೆಂಟಿನವ್ರು ಮೊದ್ಲು ಹೋಗಿ ನೋಡ್ಕೊಂಡು ಬರ್ಲಿ.