ಕರಾರು ಮುರಿದ ದಿನ ಸೈಟಿನ ಬೆಲೆ ಎಷ್ಟಿತ್ತು?

ಇಂಗ್ಲೆಂಡಿನಲ್ಲಿ ಮನೆ ಮಾರಾಟದ ಕರಾರು ಮುರಿದುಬಿದ್ದರೆ ಜಗಳವೆಲ್ಲ ಒಂದು ತಾರೀಖಿನ ಸುತ್ತ. ಆಸ್ತಿಯ ಬೆಲೆಯನ್ನು ಯಾವ ದಿನಕ್ಕೆ ಕಟ್ಟಬೇಕು? ನಮ್ಮ ಬೆಂಗಳೂರಿನ ಕಡೆ ಜಗಳ ಅಡ್ವಾನ್ಸಿನ ಸುತ್ತ, ಇಲ್ಲವೇ ‘ನನಗೆ ಆ ಸೈಟೇ ಬೇಕು’ ಎಂಬ ಹಟದ ಸುತ್ತ. ಲಂಡನ್ನಿನಲ್ಲಿ ಕೂತು ಎರಡನ್ನೂ ನೋಡುವವನಿಗೆ, ನಮ್ಮವರು ನಷ್ಟದ ಲೆಕ್ಕವನ್ನು ತೀರಾ ಉದಾಸೀನ ಮಾಡುತ್ತಾರೆ ಅನ್ನಿಸುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. 30×40ರ ಸೈಟು, 1,200 ಚದರಡಿ. ಕರಾರಿನ ದರ ಚದರಡಿಗೆ 5,000 ರೂಪಾಯಿ, ಒಟ್ಟು 60 ಲಕ್ಷ. ಅಡ್ವಾನ್ಸ್ 10 ಲಕ್ಷ. ಕ್ರಯಪತ್ರ ಆಗಬೇಕಿದ್ದ ದಿನ ದರ 6,000ಕ್ಕೆ ಏರಿದೆ, ಮಾರುವವರು ಕೈಕೊಟ್ಟರು. ಅಂದಿನ ಬೆಲೆ 72 ಲಕ್ಷ, ಹಾಗಾಗಿ ಕೊಳ್ಳುವವರ ನಷ್ಟ 12 ಲಕ್ಷ. ಅಡ್ವಾನ್ಸ್ ವಾಪಸ್ ಬರಬೇಕಾದ್ದು ಬೇರೆ. ದಾವೆ ಎಂಟು ವರ್ಷ ಎಳೆದು, ತೀರ್ಪಿನ ಹೊತ್ತಿಗೆ ದರ 12,000 ಆಯಿತು ಅನ್ನಿ. ಆ ದಿನಕ್ಕೆ ಲೆಕ್ಕ ಹಾಕಿದರೆ ನಷ್ಟ 84 ಲಕ್ಷ. ಸೈಟು ಅದೇ, ಕರಾರೂ ಅದೇ, ಬದಲಾದದ್ದು ತಾರೀಖು ಮಾತ್ರ. (ಇದರ ಮೇಲೆ ಸ್ಟಾಂಪ್ ಡ್ಯೂಟಿ, ನೋಂದಣಿ ಖರ್ಚನ್ನು ಸೇರಿಸುವವರಿದ್ದಾರೆ. ಅದು ನಿಲ್ಲದು, ಸೈಟು ಸಿಕ್ಕಿದ್ದರೂ ಆ ದುಡ್ಡು ಹೋಗುತ್ತಲೇ ಇತ್ತು.)

ಇಂಗ್ಲಿಷ್ ಕಾನೂನಿನಲ್ಲಿ ಸಾಮಾನ್ಯ ನಿಯಮ ಕರಾರು ಮುರಿದ ದಿನದ ಬೆಲೆ. ಆದರೆ ನ್ಯಾಯಾಲಯ ಅದಕ್ಕೇ ಅಂಟಿಕೊಂಡು ಕೂರುವುದಿಲ್ಲ. ವ್ರಾತ್ ವಿರುದ್ಧ ಟೈಲರ್ ಮೊಕದ್ದಮೆಯಲ್ಲಿ ಕರಾರಿನ ಬೆಲೆ 6,000 ಪೌಂಡ್, ಮುರಿದ ದಿನ 7,500, ತೀರ್ಪಿನ ದಿನ 11,500. ಕೊಳ್ಳುವವರಿಗೆ ಸಿಕ್ಕಿದ್ದು 1,500 ಅಲ್ಲ, 5,500 ಪೌಂಡ್. ಏರಿದ ಬೆಲೆಗೆ ಬೇರೆ ಮನೆ ಕೊಳ್ಳುವಷ್ಟು ಹಣ ಅವರ ಹತ್ತಿರ ಇರಲಿಲ್ಲ. ಕರಾರು ಪಾಲನೆಯಾಗಲಿ ಎಂದು ನ್ಯಾಯವಾಗಿ ಪ್ರಯತ್ನಿಸಿದವರಿಗೆ, ಕರಾರು ನಿಜವಾಗಿ ಕೈತಪ್ಪಿದ ದಿನವನ್ನೇ ಹಿಡಿಯಬಹುದು ಎಂಬುದನ್ನು ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 1979ರಲ್ಲಿ ಖಚಿತಪಡಿಸಿತು. ಕೊಳ್ಳುವವರು ಕೈಕೊಟ್ಟಾಗಲೂ ಇದೇ ನ್ಯಾಯ. 2013ರ ಹೂಪರ್ ವಿರುದ್ಧ ಓಟ್ಸ್ ತೀರ್ಪಿನಲ್ಲಿ ಕರಾರು 6,05,000 ಪೌಂಡಿನದು, ಮುರಿದ ದಿನದ ಬೆಲೆ 6,00,000. ಆ ಲೆಕ್ಕದಲ್ಲಿ ನಷ್ಟ ಐದೇ ಸಾವಿರ. ಆದರೆ ಮನೆ ಷೇರಿನಂತೆ ಅದೇ ದಿನ ಮಾರಿಹೋಗುವ ವಸ್ತುವಲ್ಲ. ಮಾರಾಟಗಾರರು ಬೇರೆ ಗಿರಾಕಿಗಾಗಿ ಹುಡುಕಿ ಸೋಲುವ ಹೊತ್ತಿಗೆ ಬೆಲೆ 4,95,000ಕ್ಕೆ ಇಳಿದಿತ್ತು. ಪರಿಹಾರ 1,10,000 ಪೌಂಡ್ ಆಯಿತು.

ನಮ್ಮಲ್ಲಿ ಕಾನೂನು ಬಡವಾಗಿಲ್ಲ. ಕರಾರು ಮುರಿದ ನಷ್ಟಕ್ಕೆ ಪರಿಹಾರ ಕೊಡಿಸುವ 1872ರ ಕರಾರು ಕಾಯ್ದೆಯ 73ನೇ ಕಲಮು ಇದೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲಂತೂ ಕ್ರಯಪತ್ರ ಮಾಡಿಸಿಕೊಡುವ ಆದೇಶ ಮೊದಲಿನಂತೆ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದಲ್ಲ. ಎಡವುವುದು ವಾದಪತ್ರದಲ್ಲಿ. ಕ್ರಯಪತ್ರ ಮಾತ್ರ ಕೇಳಿ, ನಷ್ಟ ಪರಿಹಾರ ಕೇಳದೆ ಬಿಟ್ಟರೆ ಇದೇ ನಿರ್ದಿಷ್ಟ ಪರಿಹಾರ ಕಾಯ್ದೆಯ 21(5)ನೇ ಕಲಮಿನ ಪ್ರಕಾರ ಅದು ಸಿಗುವುದಿಲ್ಲ. ಅಡ್ವಾನ್ಸ್ ವಾಪಸಾತಿಗೂ 22ನೇ ಕಲಮಿನಲ್ಲಿ ಇದೇ ಮಾತು. ದಾವೆ ನಡೆಯುತ್ತಿರುವಾಗ ತಿದ್ದುಪಡಿ ಕೇಳಿ ಸೇರಿಸಿಕೊಳ್ಳಬಹುದು. ಆದರೆ ದಾವೆ ವಜಾ ಆಯಿತೋ, ಆಮೇಲೆ ಬೇರೆ ದಾವೆ ಹಾಕಿ ನಷ್ಟ ಕೇಳುವ ದಾರಿಯನ್ನು 24ನೇ ಕಲಮು ಮುಚ್ಚಿಬಿಡುತ್ತದೆ. ಕ್ರಯದ ಬಾಕಿ 50 ಲಕ್ಷ ಕೊಡುವ ತಾಕತ್ತನ್ನು ಬ್ಯಾಂಕಿನ ಲೆಕ್ಕದಿಂದ ತೋರಿಸಲಾಗದೆ 16(ಸಿ) ಕಲಮಿನಲ್ಲಿ ಸೋತವರು ಸೈಟನ್ನೂ ಕಳೆದುಕೊಂಡು, ನಷ್ಟವನ್ನೂ ಕೇಳದೆ ಬರಿಗೈಯಲ್ಲಿ ಹೋಗುವುದು ಹೀಗೆ.

ಇನ್ನು ಬೆಲೆ ಸಾಬೀತು ಮಾಡುವ ಮಾತು. ಇಲ್ಲಿ ನಮ್ಮ ಪದ್ಧತಿ ನಿಜಕ್ಕೂ ಕುಂಟುತ್ತದೆ, ಅದಕ್ಕೆ ಕಾರಣ ನಾವೇ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1995ರಿಂದೀಚೆಗಿನ ಮನೆ ಮಾರಾಟಗಳ ಬೆಲೆ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಯಾರು ಬೇಕಾದರೂ ನೋಡುವಂತಿದೆ. ಎರಡೂ ಕಡೆಯವರಿಗೆ ಸೇರಿ ಒಬ್ಬನೇ ಮೌಲ್ಯಮಾಪಕನನ್ನು ನೇಮಿಸುವ ಅಧಿಕಾರ ಕೋರ್ಟಿಗಿದೆ. ಅವನ ಮೊದಲ ಕರ್ತವ್ಯ ಕೋರ್ಟಿಗೆ, ಫೀಸು ಕೊಟ್ಟವರಿಗಲ್ಲ. ನಮ್ಮಲ್ಲಿ 60 ಲಕ್ಷದ ವ್ಯವಹಾರಕ್ಕೆ 40 ಲಕ್ಷದ ಕಾಗದ ಮಾಡಿ ಉಳಿದ 20 ನಗದಾಗಿ ಕೊಡುವ ಚಾಳಿ ಹೋಗಿಲ್ಲ. ಹಾಗೆ ಮಾಡಿದವರು ಆ 20 ಲಕ್ಷದ ಮಾತನ್ನು ಕೋರ್ಟಿನಲ್ಲಿ ಎತ್ತುವುದು ಹೇಗೆ? ಎತ್ತದಿದ್ದರೂ ತೊಂದರೆ ತಪ್ಪದು. ಹೋಲಿಕೆಗೆ ಸಿಗುವ ಅಕ್ಕಪಕ್ಕದ ಕ್ರಯಪತ್ರಗಳಲ್ಲೂ ಇದೇ ಕತೆ, ಎಲ್ಲವೂ ಸರ್ಕಾರ ಗೊತ್ತುಮಾಡಿದ ಗೈಡೆನ್ಸ್ ವ್ಯಾಲ್ಯೂ ಹತ್ತಿರಕ್ಕೇ ಬಂದು ಕೂತಿರುತ್ತವೆ. ಗೈಡೆನ್ಸ್ ವ್ಯಾಲ್ಯೂ ಇರುವುದು ಸ್ಟಾಂಪ್ ಡ್ಯೂಟಿ ವಸೂಲಿಗೆ. ಅಂಥ ಪಟ್ಟಿಯ ಮೇಲೆ ಭೂಸ್ವಾಧೀನದ ಪರಿಹಾರ ಕಟ್ಟಲಾಗದು ಎಂದು ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿದೆ. ಆದರೂ ನಷ್ಟದ ದಾವೆಗೆ ಅದೊಂದೇ ಹಾಳೆ ಲಗತ್ತಿಸಿ ಕೂರುವವರಿಗೆ ಕಡಿಮೆಯಿಲ್ಲ.

ಇದಕ್ಕೆ ಮಾಡಬೇಕಾದ್ದು ಇಷ್ಟು: ಕರಾರು ಮುರಿದ ದಿನದ ಆಸುಪಾಸಿನ ಆರು ತಿಂಗಳಲ್ಲಿ ಅದೇ ಬಡಾವಣೆಯಲ್ಲಿ ನೋಂದಣಿಯಾದ ಮೂರು–ನಾಲ್ಕು ಕ್ರಯಪತ್ರಗಳ ದೃಢೀಕೃತ ನಕಲು ತೆಗೆಸಿ. ರಸ್ತೆ ಅಗಲ, ಮೂಲೆ ಸೈಟೋ ಒಳಗಿನದೋ, ಎ ಖಾತೆಯೋ ಬಿ ಖಾತೆಯೋ ಎಂಬುದಕ್ಕೆಲ್ಲ ಎಷ್ಟೆಷ್ಟು ಕೂಡಿಸಿ ಕಳೆದೆ ಎಂದು ಮೌಲ್ಯಮಾಪಕ ವರದಿಯಲ್ಲೇ ಬರೆಯಬೇಕು. 40 ಅಡಿ ರಸ್ತೆಯ ಮೂಲೆ ಸೈಟಿನ ದರವನ್ನು 20 ಅಡಿ ರಸ್ತೆಯ ಒಳಸೈಟಿಗೆ ಹಾಗೇ ಹಾಕಿದರೆ ಪಾಟೀಸವಾಲಿನಲ್ಲಿ ಐದು ನಿಮಿಷವೂ ನಿಲ್ಲದು. ಸಾಮಾನ್ಯವಾಗಿ ಆಗುವ ತಪ್ಪು ಮಾತ್ರ ಬೇರೆ: ಬ್ಯಾಂಕ್ ಸಾಲಕ್ಕೆ ಕೊಡುವ ನಮೂನೆಯಲ್ಲೇ ವರದಿ ಬರುತ್ತದೆ, ಅದರಲ್ಲಿರುವುದು ಸ್ಥಳ ನೋಡಿದ ದಿನದ ಬೆಲೆ. ಮುರಿದ ದಿನ, ದಾವೆ ಹಾಕಿದ ದಿನ ಎರಡಕ್ಕೂ ಬೇರೆ ಬೇರೆ ಬೆಲೆ ಬರೆಸಿ, ಬರೆದವರನ್ನು ಸಾಕ್ಷಿಕಟ್ಟೆಗೂ ಕರೆಸಿ. ಎದುರಿನವರು ಬೇರೆ ವರದಿ ತಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶ, 9ನೇ ನಿಯಮದಲ್ಲಿ ಕಮಿಷನರ್ ನೇಮಿಸಿ ಮಾರುಕಟ್ಟೆ ಬೆಲೆ ಕಂಡುಹಿಡಿಸುವಂತೆ ಕೇಳಬಹುದು. ಇಂಗ್ಲೆಂಡಿನ ಜಂಟಿ ಮೌಲ್ಯಮಾಪಕನಿಗೆ ಹತ್ತಿರದ ವ್ಯವಸ್ಥೆ ನಮ್ಮಲ್ಲೂ ಇದೆ, ಬಳಸುವವರು ವಿರಳ.

‘ಮಾರುವವರು ತಪ್ಪಿದರೆ ಅಡ್ವಾನ್ಸಿನ ಎರಡರಷ್ಟು’ ಎಂಬ ಷರತ್ತು ಕೇಳಲು ಭರ್ಜರಿ. ಕರಾರು ಕಾಯ್ದೆಯ 74ನೇ ಕಲಮಿನಲ್ಲಿ ಆ ಮೊತ್ತ ಪರಿಹಾರದ ಗರಿಷ್ಠ ಮಿತಿ. ಅದರೊಳಗೆ ಎಷ್ಟು ನ್ಯಾಯವೋ ಅಷ್ಟು. ಮೇಲಿನ ಲೆಕ್ಕದ 84 ಲಕ್ಷ ಕೇಳಹೊರಟವರಿಗೆ ತಾವೇ ಬರೆದುಕೊಂಡ ಷರತ್ತು ಅಡ್ಡ ಬರುತ್ತದೆ. ಇಂಗ್ಲೆಂಡಿನಲ್ಲಿ ಶೇ. 10ರ ಠೇವಣಿಯನ್ನು ನಷ್ಟ ತೋರಿಸದೆಯೂ ಮುಟ್ಟುಗೋಲು ಹಾಕಿಕೊಳ್ಳಬಹುದು. ಅದು ನನಗೆ ಸರಿಕಾಣುವುದಿಲ್ಲ. ಆಗದ ನಷ್ಟಕ್ಕೆ ಪರಿಹಾರವಿಲ್ಲ ಎಂಬ ನಮ್ಮ ಸುಪ್ರೀಂ ಕೋರ್ಟಿನ 2015ರ ನಿಲುವೇ ಹೆಚ್ಚು ನ್ಯಾಯ.

ಇನ್ನೊಂದು ಕಡೆಯೂ ನಮ್ಮ ಪದ್ಧತಿಯೇ ಮೇಲು. ಇಂಗ್ಲೆಂಡಿನಲ್ಲಿ ಎರಡೂ ಕಡೆಯ ಸಹಿ ಇರುವ ಕರಾರುಪತ್ರಗಳು ಕೈಬದಲಾಗುವವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು. ಸರ್ವೆ, ವಕೀಲರ ಫೀಸು ಎಂದು ಸಾವಿರಾರು ಪೌಂಡ್ ಸುರಿದವರಿಗೂ ಪರಿಹಾರವಿಲ್ಲ. 1989ರ ಕಾಯ್ದೆಯ ನಂತರ ಬಾಯಿಮಾತಿನ ಕರಾರಿಗೆ ಬೆಲೆಯೇ ಇಲ್ಲ. ನಮ್ಮಲ್ಲಿ ಸಾಬೀತು ಮಾಡಿದರೆ ಬಾಯಿಮಾತೂ ಕಟ್ಟಿಹಾಕುತ್ತದೆ. ಆದರೆ ಕರಾರಿನಲ್ಲಿ ಕ್ರಯದ ದಿನ ನಮೂದಾಗಿದ್ದರೆ ದಾವೆ ಹಾಕಲು ಆ ದಿನದಿಂದ ಮೂರೇ ವರ್ಷ. ‘ಪಹಣಿ ತಿದ್ದುಪಡಿ ಆಗಲಿ, ಆಮೇಲೆ ಮಾಡಿಕೊಡ್ತೀನಿ’ ಎಂದು ಮಾರುವವರು ಬಾಯಲ್ಲಿ ಹೇಳಿದರೆ ಅದನ್ನು ಹೊಸ ತಾರೀಖಿನೊಂದಿಗೆ ಅದೇ ಕರಾರುಪತ್ರದ ಹಿಂಬದಿಯಲ್ಲಿ ಬರೆಸಿ, ಇಬ್ಬರೂ ಸಹಿ ಹಾಕಬೇಕು.