ಈ ಸಲ ನಮ್ಮೂರ ಕಾಡಿನ ಹೂ ನೋಡೋಕೆ ನಾವೇ ಹೋಗೋಣ

ಫೆಬ್ರವರಿ ಕೊನೆ ಬಂತು ಅಂದ್ರೆ ಕೊಡಗಿನವರ ಫೋನಲ್ಲೆಲ್ಲ ಒಂದೇ ಫೋಟೋ, ಕಾಫಿ ಹೂ. ತಪ್ಪೇನಿಲ್ಲ. ಹೂಮಳೆ, ಅಂದ್ರೆ ಕಾಫಿ ಮೊಗ್ಗು ಅರಳಿಸೋ ಬೇಸಿಗೆ ಮಳೆ, ಬಿದ್ದು ಎಂಟ್ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗಿ ಆ ಘಮ ಅಡುಗೆಮನೆವರೆಗೂ ಬರೋದಿದ್ಯಲ್ಲ ಅದಕ್ಕೆ ಸಾಟಿ ಇಲ್ಲ, ಮೇಲಾಗಿ ಅದು ನಮ್ಮ ವರ್ಷದ ಅನ್ನ. ಆದ್ರೆ ಕಾಫಿ ಆಫ್ರಿಕಾದಿಂದ ಬಂದಿದ್ದು, ಅದರ ಪಕ್ಕದ ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು, ಬೇಲಿಲಿ ಹೂಬಿಟ್ಟ ಲಂಟಾನ ಅಮೆರಿಕ ಖಂಡದ್ದು, ಪೇಟೆ ರಸ್ತೆಲಿ ಎಲ್ಲರೂ ನಿಂತು ಸೆಲ್ಫಿ ತೆಗೆಯೋ ಟಬೂಬಿಯಾನೂ ಅಲ್ಲಿಂದಲೇ ಬಂದಿದ್ದು. ಇದೇ ಹೊತ್ತಲ್ಲಿ ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ಮರ, ಬಳ್ಳಿ, ನೆಲದ ಗಿಡಗಳೆಲ್ಲ ಹೂ ಬಿಡ್ತಾ ಇರ್ತಾವೆ, ಅದನ್ನ ನೋಡೋಕೆ ಅಂತಾನೇ ಒಂದು ಭಾನುವಾರ ಮನೆಯಿಂದ ಹೊರಡೋರು ನಮ್ಮಲ್ಲಿ ಬೆರಳೆಣಿಕೆ ಜನ. ಹೊರಗಿನವರು ಬೆಂಗಳೂರಿಂದ ಗಾಡಿ ಮಾಡ್ಕೊಂಡು ಬಂದು ನಮ್ಮ ಬೆಟ್ಟ ಸುತ್ತುತ್ತಾರೆ, ನಾವು ಮನೆ ಹಿಂದಿನ ತೊರೆ ಕಣಿವೇಲಿ ಏನು ಅರಳಿದೆ ಅಂತ ಇಣುಕಿ ನೋಡಲ್ಲ. ಇದು ಬದಲಾಗಬೇಕು. ಊರಿಗೊಂದು ಸಣ್ಣ ಗುಂಪು ಕಟ್ಕೊಂಡು ಫೆಬ್ರವರಿಯಿಂದ ಮೇವರೆಗೆ ನಮ್ಮ ಊರಿನ ಗಿಡಗಳನ್ನ ನಡೆದು ನೋಡೋ ಅಭ್ಯಾಸ ಶುರುವಾಗಬೇಕು, ಅದಕ್ಕೇ ಇಷ್ಟುದ್ದ ಬರೀತಾ ಇದೀನಿ.

ನಮ್ಮ ಜಿಲ್ಲೆಗೆ ಇರೋ ಭಾಗ್ಯ ನಮಗೇ ಅರ್ಥವಾಗಿಲ್ಲ ಅನ್ಸುತ್ತೆ. ಕುಶಾಲನಗರದಿಂದ ಭಾಗಮಂಡಲಕ್ಕೆ ಎಪ್ಪತ್ತು ಕಿಲೋಮೀಟರ್ ಆಸುಪಾಸು, ಎರಡು ಗಂಟೆ ದಾರಿ. ಅಷ್ಟರೊಳಗೆ ಬಯಲುಸೀಮೆ ಅಂಚಿನ ಒಣ ಕಾಡಿನಿಂದ ಹೊರಟು ವರ್ಷವಿಡೀ ಹಸಿರಾಗಿರೋ ಮಳೆಕಾಡಿಗೆ ಬಂದುಬಿಡ್ತೀವಿ, ಭಾಗಮಂಡಲದ ಕಡೆ ಬೀಳೋ ಮಳೆ ಕುಶಾಲನಗರದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಹಾಗಾಗಿ ವಸಂತವೂ ಎರಡು ಥರ. ಶಿರಂಗಾಲ, ಹೆಬ್ಬಾಲೆ ಕಡೆ, ಆಮೇಲೆ ನಾಗರಹೊಳೆ ರಸ್ತೇಲಿ ಫೆಬ್ರವರಿ ಮಾರ್ಚಲ್ಲಿ ಎಲೆ ಎಲ್ಲ ಉದುರಿ ಒಣಗಿದ ಕಾಡಿನ ಮಧ್ಯೆ ಮುತ್ತುಗ ಹೂ ಬಿಟ್ಟಿರುತ್ತೆ, ಒಂದು ಎಲೆ ಇಲ್ಲ, ಕೊಂಬೆ ತುಂಬ ಕೇಸರಿ. ಬೂರುಗದ ದಪ್ಪ ಕೆಂಪು ಹೂ ನೆಲಕ್ಕೆ ಧೊಪ್ ಅಂತ ಬೀಳೋ ಸದ್ದು ಕೇಳಿದೀರಾ? ಆ ಮರದ ಕೆಳಗೆ ಅರ್ಧ ಗಂಟೆ ಸುಮ್ನೆ ಕೂತು ನೋಡಿ, ಮೈನಾ, ಕಾಜಾಣ, ಪಿಕಳಾರ, ಸೂರಕ್ಕಿ, ಅಳಿಲು, ಒಬ್ಬರಾದ ಮೇಲೆ ಒಬ್ಬರು ಮಕರಂದಕ್ಕೆ ಬರ್ತಾನೇ ಇರ್ತಾರೆ. ಬಿದ್ದ ಹೂ ತಿನ್ನೋಕೆ ಜಿಂಕೆ ಬರ್ತಾವೆ. ಕಾಡು ಒಣಗಿ ನಿಂತ ಆ ಎರಡು ತಿಂಗಳು ಎಷ್ಟೋ ಜೀವಗಳಿಗೆ ಈ ಮರಗಳೇ ಆಸರೆ.

ಮಡಿಕೇರಿ ದಾಟಿ ಪಶ್ಚಿಮಕ್ಕೆ ಹೋದ್ರೆ ಕಥೆನೇ ಬೇರೆ. ಅಲ್ಲಿ ಹೂಗಿಂತ ಮೊದಲು ಚಿಗುರು ನೋಡಬೇಕು. ನಾಗಸಂಪಿಗೆಯ ಎಳೆ ಎಲೆ ಕೆಂಪಾಗಿ ಜೋತುಬಿದ್ದಿರುತ್ತೆ, ದೂರದಿಂದ ನೋಡಿದವರು ಮರ ಪೂರ್ತಿ ಹೂ ಬಿಟ್ಟಿದೆ ಅಂದ್ಕೊಳ್ತಾರೆ. ನಿಜವಾದ ಹೂ ಬಿಳಿದು, ನಾಲ್ಕು ಎಸಳು, ಮಧ್ಯೆ ಹಳದಿ ಕೇಸರದ ದಟ್ಟ ಗೊಂಚಲು. ಧೂಪದ ಮರಗಳೂ ಈ ಕಾಲದಲ್ಲೇ ಹೂ ಬಿಡೋದು. ಹೊಳೆ ಬದಿ ನೆರಳಲ್ಲಿ ಸೀತಾ ಅಶೋಕ ಸಿಕ್ಕಿದ್ರೆ ನಿಲ್ಲಲೇಬೇಕು, ಆ ಹೂಗೆ ಎಸಳೇ ಇಲ್ಲ, ನಮಗೆ ಎಸಳಿನ ಥರ ಕಾಣೋದು ಪುಷ್ಪಪಾತ್ರೆಯ ಭಾಗ, ಅರಳುವಾಗ ಹಳದಿ-ಕಿತ್ತಳೆ ಇದ್ದು ದಿನ ಕಳೆದಂಗೆ ಕೆಂಪಾಗ್ತಾ ಹೋಗುತ್ತೆ. ಔಷಧಿಗೆ ಅಂತ ತೊಗಟೆ ಸುಲಿದು ಸುಲಿದು ಕಾಡಲ್ಲಿ ಅಪರೂಪವಾದ ಮರ ಅದು. ಜನ ಮಾತ್ರ ಗೇಟಿನ ಪಕ್ಕ ನೆಟ್ಟಗೆ ಉದ್ದಕ್ಕೆ ಬೆಳೆಯೋ ಇನ್ನೊಂದು ಮರಾನೇ ಅಶೋಕ ಅಂದ್ಕೊಂಡು ಜೀವನ ಕಳೀತಾರೆ.

ಸುರಗಿ ಬಗ್ಗೆ ಹೇಳದೇ ಇರೋಕಾಗಲ್ಲ. ಇದು ಪಶ್ಚಿಮ ಘಟ್ಟದ ನೆಲದ ಮರ. ಎಲೆ ಇರೋ ತುದಿಲಲ್ಲ, ಹಳೇ ಕೊಂಬೆಗೇ ಅಂಟ್ಕೊಂಡ ಹಾಗೆ ಗೊಂಚಲು ಗೊಂಚಲಾಗಿ ಮೊಗ್ಗು ಬರುತ್ತೆ, ಅರಳಿದ ದಿನ ಮರದ ಸುತ್ತ ಜೇನು ಗುಂಯ್ ಅಂತಿರುತ್ತೆ. ಒಣಗಿಸಿ ಬಟ್ಟೆ ಪೆಟ್ಟಿಗೆಲಿಟ್ರೂ ವಾಸನೆ ಹೋಗಲ್ಲ. ನಮ್ಮ ಕಡೆ ಕೆಲಸಕ್ಕೆ ಬರೋ ಹಿರಿಯಕ್ಕ ಒಬ್ಬರು ಹೇಳ್ತಾರೆ, "ಮೊಗ್ಗಿದ್ದಾಗ್ಲೇ ಬಿಡಿಸ್ಬೇಕಣ್ಣ, ಅರಳಿದ್ಮೇಲೆ ಅದು ಜೇನಿಂದು" ಅಂತ. ಹತ್ತಿರದಲ್ಲಿ ಸುರಗಿ ಮರ ಎಲ್ಲಿದೆ ಅಂತ ಕೇಳಿದ್ರೆ ನಮ್ಮ ಮಕ್ಕಳಲ್ಲಿ ಎಷ್ಟು ಜನ ತೋರಿಸ್ತಾರೆ ಹೇಳಿ.

ಮರ ಬಿಡಿ, ಅದಕ್ಕಿಂತ ಅನ್ಯಾಯವಾಗ್ತಿರೋದು ನೆಲದ ಗಿಡಗಳಿಗೆ. ಮಾರ್ಚ್ ಏಪ್ರಿಲ್‌ನ ಮೊದಲ ಒಳ್ಳೆ ಮಳೆ ಬಿದ್ದ ಮೇಲೆ ಬಾಣೆ (ಗದ್ದೆಗೆ ಸೇರಿದ ಕಾಡು ಜಾಗ) ಅಂಚಲ್ಲಿ, ದೇವರಕಾಡಿನ ಒಳಗೆ ತರಗೆಲೆ ಸರಿಸ್ಕೊಂಡು ನೆಲಸಂಪಿಗೆ ಏಳುತ್ತೆ, ಎಲೆ ಬರೋ ಮುಂಚೆನೇ ಮಣ್ಣಿಂದ ಸೀದಾ ಹೂ. ಕಾಡರಿಶಿನವೂ ಹಾಗೇ, ಎಲೆಗಿಂತ ಮೊದಲೇ ಗುಲಾಬಿ ಬಣ್ಣದ ತೆನೆ ಎತ್ತುತ್ತೆ. ವರ್ಷದಲ್ಲಿ ಕೆಲವೇ ದಿನ ಕಾಣೋದು, ಅದೂ ಬಗ್ಗಿ ನೋಡಿದವರಿಗೆ ಮಾತ್ರ. ಇವಕ್ಕೆ ಉಳಿಗಾಲ ಕಷ್ಟ ಆಗಿದೆ, ಯಾಕಂದ್ರೆ ಕಳೆನಾಶಕ ಹೊಡೆಯೋರಿಗೆ, ರಸ್ತೆ ಬದಿ ಜೆಸಿಬಿ ಓಡಿಸೋರಿಗೆ, ಮೆಷಿನಲ್ಲಿ ಕಾಡು ಸವರೋರಿಗೆ ಇದೆಲ್ಲ ಬರೀ ಕಳೆ. ಗೊತ್ತಿಲ್ಲದೆ ಇರೋದನ್ನ ಉಳಿಸಿ ಅಂತ ಯಾರಿಗೂ ಹೇಳೋಕಾಗಲ್ಲ. ಕೂಲಿಯವರನ್ನ, ಮೇಸ್ತ್ರಿಯನ್ನ, ತೋಟದ ಯಜಮಾನರನ್ನ ಒಂದು ಸಲ ಕರ್ಕೊಂಡು ಹೋಗಿ ಇದು ಇಂಥ ಗಿಡ ಅಂತ ತೋರಿಸಿದ್ರೆ ಮುಂದಿನ ವರ್ಷ ಆ ಜಾಗ ಬಿಟ್ಟು ಸವರೋರು ಖಂಡಿತ ಇದಾರೆ, ನಾನು ನೋಡಿದೀನಿ.

ಇನ್ನು ಸೀತಾಳೆ. ನಮ್ಮ ಹಳೇ ಮರಗಳ ಮೇಲೆ, ಹಲಸಿನ ಮೇಲೆ, ಅತ್ತಿ ಮೇಲೆ ತುಂಬ್ಕೊಂಡಿರೋ ಕಾಡು ಆರ್ಕಿಡ್‌ಗಳು. ಬಿಳಿ ಹೂವಿನ ಸಣ್ಣ ಡೆಂಡ್ರೋಬಿಯಂಗಳು ಎಲೆ ಉದುರಿಸ್ಕೊಂಡು ಬೇಸಿಗೆ ಶುರುವಲ್ಲೇ ಅರಳ್ತಾವೆ, ನರಿಬಾಲದ ಹಾಗೆ ಇಳಿಬೀಳೋ ಸೀತಾಳೆ ದಂಡೆ ನೋಡೋಕೆ ಏಪ್ರಿಲ್ ಕೊನೆ, ಮೇವರೆಗೆ ಕಾಯಬೇಕು. ಆದ್ರೆ ಅದೇ ತಿಂಗಳಲ್ಲಿ ಮರಗಸಿ, ಅಂದ್ರೆ ನೆರಳು ಮರದ ಕೊಂಬೆ ಸವರೋ ಕೆಲಸ, ನಡೆಯುತ್ತೆ, ಮಳೆಗಾಲಕ್ಕೆ ಮುಂಚೆ ತೋಟಕ್ಕೆ ಬೆಳಕು ಬಿಡಬೇಕಲ್ಲ, ಕೊಂಬೆ ಕಡಿದಾಗ ಅದರ ಮೇಲಿದ್ದ ಸೀತಾಳೆ ಕೂಡ ನೆಲಕ್ಕೆ ಬಿದ್ದು ಸೌದೆ ಜೊತೆ ಒಣಗಿಹೋಗುತ್ತೆ. ಇಲ್ಲಿ ನಾವು ಮಾಡಬಹುದಾದ ಕೆಲಸ ತುಂಬ ಸುಲಭ. ತೋಟದಲ್ಲಿ ಹಾಗೆ ಬಿದ್ದಿದ್ದನ್ನ ಎತ್ಕೊಂಡು ಒರಟು ತೊಗಟೆ ಇರೋ ಇನ್ನೊಂದು ಮರಕ್ಕೆ, ಅರೆನೆರಳು ಇರೋ ಕಡೆ, ತೆಂಗಿನ ನಾರಿನ ಹಗ್ಗದಲ್ಲೋ ಹಳೇ ಹತ್ತಿ ಬಟ್ಟೇಲೋ ಕಟ್ಟಿ ಬಿಟ್ರೆ ಮಳೆಗಾಲದಲ್ಲಿ ಬೇರು ಹಿಡಿಯುತ್ತೆ. ಮೇ ತಿಂಗಳ ನಡಿಗೆ ಅಂದ್ರೆ ಇದೇ ಆಗಲಿ, ಒಂದು ತೋಟ ಗೊತ್ತುಮಾಡಿ ಯಜಮಾನರನ್ನ ಕೇಳಿ ಬಿದ್ದ ಸೀತಾಳೆ ಎಲ್ಲ ಕಟ್ಟಿ ಬರೋದು. ಕಾಡಿನ ಮರದಿಂದ ಕಿತ್ತು ಮನೆ ಪಾಟಿಗೆ ತರೋದು ಮಾತ್ರ ಬೇಡವೇ ಬೇಡ, ಅಭಯಾರಣ್ಯದೊಳಗಿಂದ ಕಿತ್ತರೆ ಅದು ಅಪರಾಧ ಕೂಡ.

ತೋಟದವರು ಕೆಲವರು ಕೇಳ್ತಾರೆ, ಹೂ ನೋಡ್ಕೊಂಡು ತಿರುಗಿದ್ರೆ ನಮಗೇನು ಲಾಭ ಅಂತ. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತೆ, ಆದ್ರೆ ರೋಬಸ್ಟಾಗೆ ಇನ್ನೊಂದು ಗಿಡದ ಪರಾಗ ಬೇಕೇ ಬೇಕು, ಗಾಳಿ ಒಂದಷ್ಟು ತರುತ್ತೆ, ಉಳಿದಿದ್ದು ಹೆಜ್ಜೇನು, ತುಡುವೆ, ಮುಜಂಟಿ ಮಾಡೋ ಕೆಲಸ. ಕಾಫಿ ಹೂ ಇರೋದು ನಾಲ್ಕು ದಿನ, ಬಾಕಿ ದಿನ ಆ ಜೇನು ಏನು ತಿನ್ನಬೇಕು? ನೇರಳೆ, ಹೊಂಗೆ, ಮತ್ತಿ, ನಂದಿ, ಇವೆಲ್ಲ ಒಂದಾದ ಮೇಲೊಂದು ಹೂ ಬಿಡ್ತಾ ಹೋದ್ರೇನೇ ಜೇನು ನಮ್ಮ ಊರಲ್ಲಿ ನಿಲ್ಲೋದು. 1990ರ ದಶಕದ ಶುರುವಲ್ಲಿ ಜೇನುಮರಿಗಳನ್ನ ಸಾಯಿಸೋ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಮನೆ ಮನೆಯ ತುಡುವೆ ಪೆಟ್ಟಿಗೆ ಖಾಲಿಯಾಗಿದ್ದನ್ನ ನಮ್ಮ ಹಿರಿಯರು ಈಗಲೂ ಬೇಜಾರಲ್ಲಿ ನೆನೆಸ್ಕೊಳ್ತಾರೆ. ಕಾಡುಮರ ತೆಗೆದು ಸಿಲ್ವರ್ ಓಕ್ ಹಾಕೋರ ಕಷ್ಟ ನನಗೆ ಗೊತ್ತು, ಬೇಗ ಬೆಳೆಯುತ್ತೆ, ಮೆಣಸು ಹಬ್ಬಿಸೋಕೆ ಸುಲಭ, ಕಡಿಯೋಕೆ ಕಾಡುಮರದಷ್ಟು ಪರ್ಮಿಟ್ ತಾಪತ್ರಯ ಇಲ್ಲ. ಸರ್ಕಾರದ ಆ ನಿಯಮ ಸರಿ ಹೋಗಬೇಕು, ಅದನ್ನ ಬೇರೆಯಾಗೇ ಬರೀತೀನಿ. ಆದ್ರೆ ಎಕರೆಗೆ ನಾಲ್ಕೈದಾದ್ರೂ ನೇರಳೆ ನಂದಿ ಉಳಿಸ್ಕೊಳ್ಳೋಕೆ ಯಾರ ಅಪ್ಪಣೆಯೂ ಬೇಡ.

ಎಲ್ಲಿಗೆ ಹೋಗೋದು ಅಂದ್ರೆ ನನ್ನ ಉತ್ತರ ದೇವರಕಾಡು. ತಡಿಯಂಡಮೋಳ್, ಬ್ರಹ್ಮಗಿರಿ ಬೆಟ್ಟ ಎಲ್ಲ ಚೆನ್ನ, ಆದ್ರೆ ಅದಕ್ಕೆ ಅರಣ್ಯ ಇಲಾಖೆ ಅನುಮತಿ ಬೇಕು, ಬೇಸಿಗೇಲಿ ಬೆಂಕಿ ಭಯಕ್ಕೆ ಬಂದ್ ಮಾಡೋದೂ ಉಂಟು. ದೇವರಕಾಡು ನಮ್ಮ ಊರಲ್ಲೇ ಇದೆ. ಜಿಲ್ಲೇಲಿ 1,200ಕ್ಕೂ ಹೆಚ್ಚು ಇದಾವೆ. ಅಯ್ಯಪ್ಪ, ಭಗವತಿ, ಮಹಾದೇವರ ಹೆಸರಲ್ಲಿ ಹಿರಿಯರು ಕೊಡಲಿ ಹಾಕದೆ ಬಿಟ್ಟಿದ್ದರಿಂದ ಸುತ್ತ ಎಲ್ಲ ತೋಟವಾದ್ರೂ ಆ ತುಂಡಲ್ಲಿ ಹಳೇ ಕಾಡು ಉಳ್ಕೊಂಡಿದೆ. ಆದ್ರೆ ಅದೂ ಸವೀತಾ ಬಂದಿದೆ, 1905ರಲ್ಲಿ 6,000 ಹೆಕ್ಟೇರ್ ದಾಟಿದ್ದ ದೇವರಕಾಡು 1985ರ ಹೊತ್ತಿಗೆ 2,550 ಹೆಕ್ಟೇರ್ ಅಂತ ದಾಖಲೆ ಹೇಳುತ್ತೆ. ಹೋಗೋ ಮುಂಚೆ ದೇವತಕ್ಕರನ್ನ (ಊರ ದೇವಸ್ಥಾನದ ಮುಖ್ಯಸ್ಥರನ್ನ) ಕೇಳಿ. ಕೆಲವು ಕಡೆ ಹಬ್ಬದ ದಿನ ಬಿಟ್ಟು ಒಳಗೆ ಹೋಗೋ ಕ್ರಮ ಇಲ್ಲ, ಅಲ್ಲಿ ಅಂಚಲ್ಲೇ ನಿಂತು ನೋಡಿದ್ರಾಯ್ತು, ಅಂಚಲ್ಲೇ ಬೇಕಾದಷ್ಟಿದೆ. ಚಪ್ಪಲಿ ಹೊರಗೆ ಬಿಡಬೇಕು ಅಂದ್ರೆ ಬಿಡಿ. ಹೂವಲ್ಲ, ಒಣಗಿದ ಕಡ್ಡಿ ಕೂಡ ತರಬೇಡಿ.

ದಾರಿ ತೋರಿಸೋರು ಯಾರು? ಈ ವಿಷಯದಲ್ಲಿ ನನ್ನ ನಿಲುವು ಗಟ್ಟಿ. ಪೊನ್ನಂಪೇಟೆ ಅರಣ್ಯ ಕಾಲೇಜಿನ ಹುಡುಗರು ಹುಡುಗಿಯರು ಬರಲಿ, ಸಸ್ಯಶಾಸ್ತ್ರದ ಮೇಷ್ಟ್ರು ಬರಲಿ, ಅವರ ಹತ್ರ ಕಲಿಯೋದು ತುಂಬ ಇದೆ. ಆದ್ರೆ ಮುಂದೆ ನಡೆಯೋರು ನಮ್ಮ ಆದಿವಾಸಿ ಜೇನುಕುರುಬ, ಯರವ ಹಿರಿಯರಾಗಿರಬೇಕು. ಯಾವ ಮರ ಹೂಬಿಟ್ರೆ ಹೆಜ್ಜೇನು ಎಲ್ಲಿ ಕಟ್ಟುತ್ತೆ, ಯಾವ ಗೆಡ್ಡೆ ಯಾವಾಗ ಅಗೀಬೇಕು, ಅಗೆದು ಎಷ್ಟು ಬಿಟ್ಟು ಬರಬೇಕು ಅಂತ ಅವರಿಗೆ ಗೊತ್ತಿರೋದು ನಮಗ್ಯಾರಿಗೂ ಗೊತ್ತಿಲ್ಲ. ಅವರನ್ನ ಬುತ್ತಿ ಹೊರೋಕೆ, ಆನೆ ಇದ್ಯಾ ನೋಡೋಕೆ ಮಾತ್ರ ಕರೆಯೋದು ನಿಲ್ಲಬೇಕು. ಮೇಷ್ಟ್ರಿಗೆ ಕೊಡೋ ಮರ್ಯಾದೆನೇ ಕೊಡಿ, ಆ ದಿನದ ಸಂಭಾವನೆ ಕೈಗೇ ಕೊಡಿ, ಅವರು ಹೇಳಬಾರದು ಅಂದ ಔಷಧಿ ಗಿಡದ ಗುಟ್ಟನ್ನ ಕೆದಕಬೇಡಿ, ವಿಡಿಯೋ ಮಾಡೋ ಮುಂಚೆ ಕೇಳಿ.

ರೀಲ್ಸ್ ವಿಷಯಕ್ಕೆ ಬಂದ್ರೆ, 2021ರಲ್ಲಿ ಮಾಂದಲಪಟ್ಟಿ, ಕೋಟೆಬೆಟ್ಟದಲ್ಲಿ ಕುರಿಂಜಿ ಅರಳಿದಾಗ ಏನಾಯ್ತು ನೆನಪಿದೆಯಲ್ಲ. ಒಂದು ವಾರದಲ್ಲಿ ಜೀಪಿನ ಸಾಲು, ಹೂವಿನ ಮೇಲೇ ಕೂತು ಫೋಟೋ. ಕುರಿಂಜಿ ಹೂಬಿಟ್ಟು ಬೀಜ ಮಾಡಿ ಸಾಯೋ ಗಿಡ, ಬೀಜ ಆಗೋ ಮುಂಚೆ ತುಳಿದ್ರೆ ಹಾಳಾಗೋದು ವರ್ಷಗಟ್ಟಲೆ ಆಮೇಲೆ ಬರಬೇಕಿದ್ದ ಹೂ. 2018ರಲ್ಲಿ ಜರಿದ ಬೆಟ್ಟಗಳ ಸಾಲು ಅದು, ಅಲ್ಲಿ ಮಣ್ಣು ಹಿಡ್ಕೊಂಡಿರೋದೇ ಈ ಹುಲ್ಲು, ಈ ಗಿಡ. ಅದಕ್ಕೇ ನಮ್ಮ ಗುಂಪು ಹತ್ತು ಹನ್ನೆರಡು ಜನ ಮೀರಬಾರದು, ಅಪರೂಪದ ಗಿಡ ಸಿಕ್ಕಿದ್ರೆ ಜಾಗದ ಹೆಸರು ಎಲ್ಲೂ ಹಾಕಬಾರದು. ಫೋಟೋನ ಗಿಡ-ಪ್ರಾಣಿ ದಾಖಲಿಸೋ ಐ-ನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿ, ಅಳಿವಿನಂಚಿನ ಗಿಡ ಅಂತ ಗುರುತಾಗಿದ್ರೆ ಅದೇ ನಿಖರ ಜಾಗ ಮರೆಮಾಡುತ್ತೆ. ಶಾಲೆಯವರು ಮರಗಳ ಕಾಲ ದಾಖಲಿಸೋ ಸೀಸನ್‌ವಾಚ್ ಯೋಜನೆ ನೋಡಿ, ಒಂದು ಮರ ಆರಿಸ್ಕೊಂಡು ವಾರಕ್ಕೊಂದು ಸಲ ಚಿಗುರು, ಮೊಗ್ಗು, ಕಾಯಿ ಎಷ್ಟಿದೆ ಅಂತ ಮಕ್ಕಳೇ ಬರೆಯೋದು. ಹೂಮಳೆ ಕಾಲ ತಪ್ತಿದೆ ಅಂತ ನಾವೆಲ್ಲ ಬಾಯಲ್ಲಿ ಹೇಳ್ತೀವಿ, ನಮ್ಮ ಕಾಡುಮರಗಳ ಲೆಕ್ಕ ಮಾತ್ರ ಯಾರೂ ಬರೆದಿಟ್ಟಿಲ್ಲ, ಮಕ್ಕಳು ಬರೆದಿಟ್ರೆ ಇನ್ನು ಹತ್ತು ವರ್ಷಕ್ಕೆ ಅದು ನಮ್ಮ ಊರಿನ ಆಸ್ತಿ.

ಆನೆ ವಿಷಯ ಹಗುರ ಅಲ್ಲ. ತೋಟದೊಳಗೇ ಮರಿ ಹಾಕೋ ಹಂತಕ್ಕೆ ಬಂದಿದಾವೆ, ಜನ ಸತ್ತಿದಾರೆ. ಹಾಗಾಗಿ ನಸುಕಲ್ಲಿ ಹೊರಡೋದು ಬೇಡ, ಬೆಳಕು ಚೆನ್ನಾಗಿ ಆದ ಮೇಲೆ ಎಂಟರಿಂದ ಹನ್ನೊಂದು, ಹಿಂದಿನ ರಾತ್ರಿ ಆ ಕಡೆ ಓಡಾಟ ಇತ್ತಾ ಅಂತ ಲೈನ್ ಮನೆಯವರನ್ನೋ (ತೋಟದ ಕೂಲಿಯವರ ವಸತಿ) ಫಾರೆಸ್ಟ್ ಗಾರ್ಡನ್ನೋ ಕೇಳ್ಕೊಂಡೇ ಹೆಜ್ಜೆ ಇಡೋದು, ಇದೆ ಅಂದ್ರೆ ಆ ದಿನ ಶಾಲೆ ಮೈದಾನದ ಮರ ನೋಡಿದ್ರೂ ಸಾಕು. ಜಿಗಣೆ ಕಾಲ ಅಲ್ಲ, ಆದ್ರೆ ರಕ್ತ ಹೀರೋ ಉಣುಗು ಇರುತ್ತೆ, ಉದ್ದ ಪ್ಯಾಂಟ್, ಸಾಕ್ಸ್ ಹಾಕ್ಕೊಳ್ಳಿ, ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ. ಸೆಂಟ್ ಹೊಡ್ಕೋಬೇಡಿ, ಹೆಜ್ಜೇನು ಗೂಡಿನ ಕೆಳಗೆ ಮಾತಾಡ್ಕೊಂಡು ನಿಲ್ಲಬೇಡಿ. ನೀರು, ಒಂದು ನೋಟ್‌ಬುಕ್, ಇದ್ರೆ ಭೂತಗನ್ನಡಿ, ಮಕ್ಕಳಿಗೆ ತಿನ್ನೋಕೆ ಏನಾದ್ರೂ.

ಸೋಮವಾರಪೇಟೆ, ಮಾದಾಪುರ ಕಡೆಯವರು ಯಾರಾದ್ರೂ ಸೇರೋದಾದ್ರೆ ನನಗೆ ತಿಳಿಸಿ, ಮಾರ್ಚಿಗೆ ಸುರಗಿ, ನಾಗಸಂಪಿಗೆ ನೋಡೋಕೆ ಒಂದು ನಡಿಗೆ, ಮೊದಲ ಮಳೆ ಬಿದ್ದ ವಾರದ ಭಾನುವಾರ ನೆಲಸಂಪಿಗೆಗೆ ಇನ್ನೊಂದು. ವಿರಾಜಪೇಟೆ, ನಾಪೋಕ್ಲು, ಗೋಣಿಕೊಪ್ಪದವರು ನಿಮ್ಮ ಊರಲ್ಲೇ ಶುರು ಮಾಡಿ, ನಮ್ಮ ಗುಂಪಿಂದ ಗಿಡ ಗುರುತು ಹಿಡಿಯೋಕೆ ಬಲ್ಲವರು ಒಬ್ಬರು ಬರ್ತೀವಿ, ಬಸ್ ಚಾರ್ಜ್ ನಮ್ಮದೇ.