ಹಬ್ಬದ ಸಿಹಿ ಇರಲಿ, ಬುಧವಾರದ ಲಾಲಿಪಾಪ್ ಬೇಡ

ಯಹೂದಿಗಳು ಒಬ್ಬರಿಗೊಬ್ಬರು ತಿನಿಸು ಕೊಡುವ ಪೂರಿಮ್ ಹಬ್ಬ ಮುಗಿಯಿತೆಂದರೆ ಮಗಳ ಪ್ರಿಸ್ಕೂಲಿನ ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಜಗಳ ಶುರು. ಈ ಸಲವೂ ಆಯಿತು. ಮಕ್ಕಳು ಚೀಲ ತುಂಬಾ ಮಿಠಾಯಿ ಹೊತ್ತು ತಂದರು ಅಂತ ಒಂದು ಬಣ. ಹಬ್ಬದ ದಿನ ತಿನ್ನಲಿ ಬಿಡ್ರೀ ಅಂತ ಇನ್ನೊಂದು ಬಣ. ನಾನು ಅಲ್ಲಿ ಬಾಯಿ ಬಿಡಲಿಲ್ಲ. ನಾವು ಯಹೂದಿಗಳಲ್ಲ. ಶಾಲೆಯೂ ಅವರದು, ಹಬ್ಬವೂ ಅವರದು. ಆದರೆ ಮಗುವಿನ ಹಲ್ಲು ನಮ್ಮದು ತಾನೇ? ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ನಾವಿರುವ ನ್ಯೂಜೆರ್ಸಿಯಲ್ಲಿ ಯಹೂದಿ ಸಮುದಾಯ ಕೇಂದ್ರಗಳು ನಡೆಸುವ ಪ್ರಿಸ್ಕೂಲಿಗೆ ಬೇರೆ ಧರ್ಮದ ಮಕ್ಕಳೂ ಹೋಗುತ್ತಾರೆ. ಭಾರತೀಯರೂ ಇದ್ದೇವೆ. ಟೀಚರನ್ನು ಮಕ್ಕಳು 'ಮೋರಾ' ಅನ್ನುತ್ತಾರೆ. ನಮ್ಮವಳು ಮನೆಯಲ್ಲಿ ಅಜ್ಜಿಯನ್ನೂ ಒಮ್ಮೊಮ್ಮೆ ಹಾಗೇ ಕರೆಯುತ್ತಾಳೆ.

ಈ ಶಾಲೆಗಳ ಕ್ಯಾಲೆಂಡರ್ ನೋಡಿದರೆ ಯಾರಿಗಾದರೂ ಗಾಬರಿ ಆಗುತ್ತದೆ. ಹೊಸ ವರ್ಷಕ್ಕೆ ಜೇನಿನಲ್ಲಿ ಅದ್ದಿದ ಸೇಬು. ದೀಪಗಳ ಹಬ್ಬ ಹನುಕಾಗೆ ಎಣ್ಣೆಯಲ್ಲಿ ಕರಿದ ಜ್ಯಾಮ್ ಡೋನಟ್, ಜತೆಗೆ ಚಾಕೊಲೇಟ್ ನಾಣ್ಯ. ಪೂರಿಮ್‌ಗೆ ಮೂರು ಮೂಲೆಯ ಬಿಸ್ಕತ್ತು. ಶವುವೋತ್‌ಗೆ ಚೀಸ್‌ಕೇಕ್. ಸಾಲದ್ದಕ್ಕೆ ಪ್ರತಿ ಶುಕ್ರವಾರ ಶಬ್ಬಾತ್ ಎಂಬ ವಾರದ ವಿಶ್ರಾಂತಿ ದಿನದ ಸ್ವಾಗತ, ಹೆಣೆದ ಹಲ್ಲಾ ಬ್ರೆಡ್ಡು, ದ್ರಾಕ್ಷಿ ರಸ.

ನನಗೆ ಇದರಲ್ಲಿ ಯಾವುದರ ಮೇಲೂ ತಕರಾರಿಲ್ಲ. ಲೆಕ್ಕ ಹಾಕಿ ನೋಡಿ. ಶುಕ್ರವಾರ ಕೊಡುವುದು ಒಂದು ಔನ್ಸಿನಷ್ಟು ದ್ರಾಕ್ಷಿ ರಸದ ಪುಟ್ಟ ಕಪ್. ಅದರಲ್ಲಿ ಸಕ್ಕರೆ 4-5 ಗ್ರಾಂ, ಅಂದರೆ ಒಂದು ಟೀ ಚಮಚ. ಎರಡು ವರ್ಷ ದಾಟಿದ ಮಕ್ಕಳಿಗೆ ಮೇಲಿನಿಂದ ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿರಲಿ ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳುತ್ತದೆ. ಶಬ್ಬಾತ್ ಕಪ್ಪಿನಿಂದ ಯಾರ ಮಗುವೂ ಕೆಡುವುದಿಲ್ಲ. ಡೋನಟ್ ದೊಡ್ಡದೇ, ಆದರೆ ಅದು ಬರುವುದು ಹನುಕಾಗೆ ಮಾತ್ರ. ಅದೂ ಅಲ್ಲದೆ ಇದೇ ಕ್ಯಾಲೆಂಡರಿನಲ್ಲಿ ಮರಗಳ ಹಬ್ಬ ತು ಬಿಶ್ವಾತ್ ಇದೆ. ಅವತ್ತು ಅಂಜೂರ, ಖರ್ಜೂರ, ದಾಳಿಂಬೆ. ಅದರ ಬಗ್ಗೆ ಗ್ರೂಪಿನಲ್ಲಿ ಒಬ್ಬರೂ ಸೊಲ್ಲೆತ್ತುವುದಿಲ್ಲ.

ಕೆಲವು ಸಂಪ್ರದಾಯಸ್ಥ ಕುಟುಂಬಗಳಲ್ಲಿ ಮಗುವಿಗೆ ಮೂರು ವರ್ಷ ಆದಾಗ ಹೀಬ್ರೂ ಅಕ್ಷರಗಳ ಮೇಲೆ ಜೇನು ಸವರಿ ನೆಕ್ಕಿಸುತ್ತಾರೆ. ಓದು ಸಿಹಿಯಾಗಿರಲಿ ಅಂತ. ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಅಕ್ಷರಾಭ್ಯಾಸ ಮಾಡಿಸಿದ ನಾವು ಇದನ್ನು ಬೇಡ ಅನ್ನುವುದು ಹೇಗೆ?

ನನ್ನ ತಕರಾರು ಇರುವುದು ಹಬ್ಬವಿಲ್ಲದ ದಿನಗಳ ಬಗ್ಗೆ. ಬೆಳಗಿನ ಪ್ರಾರ್ಥನೆ ಚೆನ್ನಾಗಿ ಹಾಡಿದರೆ ಒಂದು ಲಾಲಿಪಾಪ್. ಆಟಿಕೆ ಎತ್ತಿಟ್ಟರೆ ಒಂದು ಗಮ್ಮಿ, ಅಂದರೆ ಜೆಲ್ಲಿ ಮಿಠಾಯಿ. ಬುಧವಾರ ಯಾರದೋ ಹುಟ್ಟುಹಬ್ಬ, ಗುರುವಾರ ಇನ್ಯಾರದೋ. ಇದು ಸುಮ್ನೆ ಅಭ್ಯಾಸ. ತಿನಿಸನ್ನು ಬಹುಮಾನವಾಗಿ ಕೊಟ್ಟಷ್ಟೂ ಆ ತಿನಿಸಿನ ಮೇಲೆ ಮಕ್ಕಳಿಗೆ ಆಸೆ ಜಾಸ್ತಿ ಆಗುತ್ತದೆ ಅಂತ ಈ ವಿಷಯ ಅಧ್ಯಯನ ಮಾಡಿದವರು ದಶಕಗಳಿಂದ ಹೇಳುತ್ತಿದ್ದಾರೆ.

"ಓದಿಗೆ ಸಿಹಿ ಕೊಡುವುದು ನಮ್ಮ ಹಳೇ ಪದ್ಧತಿ" ಅಂತ ಗ್ರೂಪಿನಲ್ಲಿ ಒಬ್ಬರು ಯಹೂದಿ ಪಂಡಿತ ಮೈಮೊನಿಡೀಸನ ಹೆಸರು ಎತ್ತಿದರು. ನಿಜವೇ. ಓದು, ನಿನಗೆ ಬಾದಾಮಿಯಂಥ ಬೀಜವೋ ಅಂಜೂರವೋ ಸ್ವಲ್ಪ ಜೇನೋ ಕೊಡುತ್ತೇನೆ ಎಂದು ಪುಟ್ಟ ಮಗುವಿಗೆ ಆಸೆ ಹುಟ್ಟಿಸುವ ಮಾತು ಅವನ ಬರಹದಲ್ಲಿದೆ. ಆದರೆ 12ನೇ ಶತಮಾನದ ಆ ಪಂಡಿತ ಈಜಿಪ್ಟಿನಲ್ಲಿ ವೈದ್ಯನೂ ಆಗಿದ್ದ. ಹೊಟ್ಟೆ ಬಿರಿಯ ತಿನ್ನಬೇಡಿ, ಸ್ವಲ್ಪ ಜಾಗ ಉಳಿಸಿ ಅಂತ ಬರೆದವನೂ ಅವನೇ. ಅವನ ಪಟ್ಟಿಯಲ್ಲಿ ನೀಲಿ ಬಣ್ಣದ ಗಮ್ಮಿ ಇಲ್ಲ. (ಈಗ ಶಾಲೆಯಲ್ಲಿ ಬಾದಾಮಿಯನ್ನೂ ಕೊಡುವ ಹಾಗಿಲ್ಲ, ಅಲರ್ಜಿ ಭಯ.)

ಜಗಳ ಆಡುವವರು ಗಮನಿಸದ ಇನ್ನೊಂದು ವಿಷಯ ಇದೆ. ಶಾಲೆ ಕೋಷರ್, ಅಂದರೆ ಯಹೂದಿ ಆಹಾರ ನಿಯಮ ಪಾಲಿಸುವಂಥದ್ದು, ಆದ್ದರಿಂದ ಮನೆಯಲ್ಲಿ ಮಾಡಿದ್ದನ್ನು ಹಂಚುವ ಹಾಗಿಲ್ಲ. ನನ್ನ ರವೆ ಉಂಡೆಗಷ್ಟೇ ಅಲ್ಲ, ಎಷ್ಟೋ ಯಹೂದಿ ಮನೆಗಳ ಕೇಕಿಗೂ ಇದೇ ನಿಯಮ. ಯಾರ ಅಡುಗೆಮನೆ ಹೇಗೆ ಅಂತ ವಿಚಾರಿಸಿ ಮುಜುಗರ ಮಾಡುವುದಕ್ಕಿಂತ ಎಲ್ಲರಿಗೂ ಒಂದೇ ನಿಯಮ ಒಳ್ಳೆಯದೇ. ಆದರೆ ಆಗುವುದೇನು? ಕೋಷರ್ ಮುದ್ರೆ ಇರುವ ಪ್ಯಾಕೆಟ್ ಮಾತ್ರ ಒಳಗೆ ಬರುತ್ತದೆ. ಅದರ ಮೇಲೆ ಮಾಂಸ ಮತ್ತು ಹಾಲು ಕೂಡಬಾರದು. ಮಧ್ಯಾಹ್ನ ಚಿಕನ್ ಇದ್ದ ದಿನ ಸಂಜೆಯ ತಿಂಡಿಗೆ ಮೊಸರು, ಚೀಸ್ ಎರಡೂ ಕಷ್ಟ. ಕೊನೆಗೆ ಉಳಿಯುವುದು ಹಾಲಿಲ್ಲದ, ತಾಳೆ ಎಣ್ಣೆ ಮತ್ತು ಸಕ್ಕರೆ ತುಂಬಿದ ಕಪ್‌ಕೇಕು. ಮಕ್ಕಳನ್ನು ಹಾಳು ಮಾಡಬೇಕೆಂದು ಯಾರೂ ಅದನ್ನು ಆರಿಸುವುದಿಲ್ಲ. ಅಂಗಡಿಯಲ್ಲಿ ಕೈಗೆ ಸುಲಭವಾಗಿ ಸಿಗುವುದು ಅದು, ಅಷ್ಟೇ.

ಆದರೆ ಇದೇ ನಿಯಮದಲ್ಲಿ ದಾರಿಯೂ ಇದೆ. ಹೆಚ್ಚದ ತಾಜಾ ಹಣ್ಣಿಗೆ ಇಲ್ಲಿ ಯಾವ ಮುದ್ರೆಯೂ ಬೇಕಿಲ್ಲ. ಸ್ಟ್ರಾಬೆರಿಯಂಥದ್ದಕ್ಕೆ ಹುಳ ಇದೆಯಾ ಅಂತ ನೋಡುವ ರಗಳೆ ಇದೆ. ಬಾಳೆಹಣ್ಣು, ಕಿತ್ತಳೆ, ಕಲ್ಲಂಗಡಿಗೆ ಆ ರಗಳೆ ಇಲ್ಲ. ಮಾಂಸದ ಊಟ ಆದ ಮೇಲೂ ಕೊಡಬಹುದು.

ಪೂರಿಮ್ ಚೀಲಗಳ ವಿಷಯದಲ್ಲೂ ಹಾಗೇ. ಧರ್ಮ ಕೇಳುವುದು ಒಬ್ಬರಿಗೆ ಎರಡು ಬಗೆಯ ತಿನಿಸು, ಅಷ್ಟೇ. ಕ್ಲಾಸಿನ ಪ್ರತಿ ಮಗು ಉಳಿದ ಪ್ರತಿ ಮಗುವಿಗೂ ಚೀಲ ಕೊಡಬೇಕು ಅಂತ ಎಲ್ಲೂ ಹೇಳಿಲ್ಲ. ಚೀಟಿ ಎತ್ತಿ ಒಂದು ಮಗುವಿಗೆ ಒಂದೇ ಚೀಲ, ಒಳಗೆ ಒಂದು ಬಿಸ್ಕತ್ತು, ಒಂದು ಕಿತ್ತಳೆ. ಹಬ್ಬವೂ ಆಯಿತು, ಗ್ರೂಪಿನ ಜಗಳವೂ ತಪ್ಪಿತು.

ಲಾಲಿಪಾಪ್ ಜಾಗಕ್ಕೆ ಸ್ಟಿಕರ್ ಬರಲಿ ಅಂತ ಮೋರಾಗೆ ಹೇಳಿದ್ದೇನೆ. ಯೋಚನೆ ಮಾಡೋಣ ಅಂದಿದ್ದಾರೆ. ಮಗಳ ಹುಟ್ಟುಹಬ್ಬಕ್ಕೆ ಇಡೀ ಕಲ್ಲಂಗಡಿ ಹೊತ್ತುಕೊಂಡು ಹೋಗುತ್ತೇವೆ. ಶಾಲೆಯ ಚಾಕುವಿನಲ್ಲಿ ಅವರೇ ಹೆಚ್ಚಿಕೊಡಲು ಒಪ್ಪಿದ್ದಾರೆ. ಮೇಣದಬತ್ತಿ ಎಲ್ಲಿ ಚುಚ್ಚುವುದು ಅನ್ನುವುದೊಂದು ಮಾತ್ರ ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥ ಆಗಿಲ್ಲ.